ಅಫೀಮಿನ ಹೊಗೆ: ಐಹೊಳೆ ಸೀಮೆಯನ್ನು ಆಳಿದ ಕಾನೂನು ಮತ್ತು ಜನಾರೋಗ್ಯ

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡ ಬಳಿಕ ಬಾದಾಮಿ, ಹುನಗುಂದ ಭಾಗಗಳು ಬ್ರಿಟಿಷರ ವಶವಾಗಿ, ಮುಂದೆ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೂ ತರುವಾಯ ವಿಜಾಪುರ ಜಿಲ್ಲೆಗೂ ಸೇರಿದವು. ಹೀಗಾಗಿ ಐಹೊಳೆಯ ಪರಿಸರವು ಮುಂಬಯಿ ಸರಕಾರದ ಅಬಕಾರಿ ನೀತಿಗೆ ಒಳಪಟ್ಟಿತು. ಮಾಳವದ ಅಫೀಮು ಚೀನಕ್ಕೆ ರವಾನೆಯಾಗುತ್ತಿದ್ದುದು ಮುಂಬಯಿ ಬಂದರಿನಿಂದಲೇ ಎಂಬುದು ಇಲ್ಲಿ ಗಮನಾರ್ಹ.

1878ರ ಅಫೀಮು ಕಾಯಿದೆಯು ಪರವಾನಗಿಯಿಲ್ಲದ ಬೆಳೆ ಹಾಗೂ ಮಾರಾಟವನ್ನು ನಿಷೇಧಿಸಿತೇ ಹೊರತು ಸೇವನೆಯನ್ನಲ್ಲ. 1893ರಲ್ಲಿ ನೇಮಕಗೊಂಡ ಬ್ರಾಸಿ ಅಧ್ಯಕ್ಷತೆಯ ರಾಯಲ್ ಆಯೋಗವು 1895ರ ವರದಿಯಲ್ಲಿ ಮಿತವಾಗಿ ಅಫೀಮು ತಿನ್ನುವುದರಿಂದ ಹೆಚ್ಚಿನ ಹಾನಿಯಿಲ್ಲವೆಂದು ಅಭಿಪ್ರಾಯಪಟ್ಟಿತು. ಸದಸ್ಯ ಎಚ್. ಜೆ. ವಿಲ್ಸನ್ ಭಿನ್ನಮತ ದಾಖಲಿಸಿದರು. ಸೇದುವುದು ಮಾತ್ರ ಹೀನ ಚಟವೆನಿಸಿತು. ಈ ವಿಂಗಡಣೆಯ ಫಲವಾಗಿ ಮುಂಬಯಿ ಪ್ರಾಂತದಲ್ಲಿ 1936ರಲ್ಲಿ ಅಫೀಮು ಧೂಮಪಾನದ ವಿರುದ್ಧ ಪ್ರತ್ಯೇಕ ಕಾಯಿದೆ ಬಂದಿತು. ಆದರೆ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಶಿಶುಗಳಿಗೆ ತಿನ್ನಿಸುತ್ತಿದ್ದ ‘ಬಾಳಗೋಳಿ’ಯೂ ಅಫೀಮೇ ಆಗಿತ್ತು.

ಸೇದುವ ಅಫೀಮು ಎರಡು ಬಗೆಯದು. ನೀರಿನಲ್ಲಿ ಕುದಿಸಿ, ಸೋಸಿ, ಗಟ್ಟಿಗೊಳಿಸಿದ ಪಾಕ ಚಂಡು. ಎಲೆಯ ಚೂರಿನೊಡನೆ ಬೆರೆಸಿದ್ದು ಮದಕ್. ಚಂಡು ಸೇದಿದ ಮೇಲೆ ಉಳಿಯುವ ಕಿಟ್ಟದಲ್ಲಿಯೂ ಮಾರ್ಫಿನ್ ಇರುವುದರಿಂದ ಬಡವರು ಅದನ್ನೇ ಮತ್ತೆ ಬಳಸುತ್ತಿದ್ದರು. ಹೊಗೆಯು ಶ್ವಾಸಕೋಶದ ಮೂಲಕ ಕೆಲವೇ ಕ್ಷಣಗಳಲ್ಲಿ ಮಿದುಳನ್ನು ತಲುಪುವುದರಿಂದ ಚಟ ಬೇಗನೆ ಅಂಟಿಕೊಳ್ಳುತ್ತದೆ. ಹಸಿವು ಕುಂದುವುದು, ಮಲಬದ್ಧತೆ, ದೇಹ ಕೃಶವಾಗುವುದು ಇದರ ಸಾಮಾನ್ಯ ಪರಿಣಾಮಗಳು; ಪ್ರಮಾಣ ಮೀರಿದರೆ ಉಸಿರಾಟವೇ ನಿಂತು ಸಾವು ಸಂಭವಿಸುತ್ತದೆ. ಬಿಟ್ಟಾಗ ಮೈಕೈ ನೋವು, ವಾಂತಿ, ಭೇದಿ, ನಿದ್ರಾಹೀನತೆ ಕಾಡುತ್ತವೆ. ಇವುಗಳಿಗೆ ಹೆದರಿ ವ್ಯಸನಿಯು ಮತ್ತೆ ಕೊಳವೆಗೆ ಮರಳುತ್ತಾನೆ.

ತಿನ್ನುವುದು ನಿರಪಾಯಕಾರಿಯೆಂಬ ಹಳೆಯ ನಿಲುವನ್ನು ವಿಜ್ಞಾನ ಒಪ್ಪಿಲ್ಲ. 2020ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಫೀಮು ಸೇವನೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಧ್ವನಿಪೆಟ್ಟಿಗೆ, ಶ್ವಾಸಕೋಶ ಹಾಗೂ ಮೂತ್ರಕೋಶದ ಕ್ಯಾನ್ಸರಿಗೆ ಅದು ಕಾರಣವೆಂಬುದಕ್ಕೆ ಸಾಕಷ್ಟು ಪುರಾವೆ ದೊರೆತಿದೆ. ಭಾರತದಲ್ಲಿ 1985ರ ಮಾದಕ ವಸ್ತುಗಳ ಕಾಯಿದೆಯು 1878ರ ಕಾಯಿದೆಯನ್ನು ರದ್ದುಗೊಳಿಸಿ, ಸೇದಲು ಸಿದ್ಧಪಡಿಸಿದ ಪಾಕವನ್ನೂ ಅದರ ಕಿಟ್ಟವನ್ನೂ ತನ್ನ ವ್ಯಾಪ್ತಿಗೆ ತಂದಿತು. ಸೇವನೆಯನ್ನೂ ಅಪರಾಧವೆಂದು ಪರಿಗಣಿಸಿ, ವ್ಯಸನಿಗೆ ಚಿಕಿತ್ಸೆಯ ಅವಕಾಶವನ್ನೂ ಕಲ್ಪಿಸಿತು.

ಒಂದು ಶತಮಾನದ ಈ ಪಯಣವು ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತದೆ: ಬೊಕ್ಕಸದ ಆದಾಯವನ್ನು ಕಾಪಾಡಲು ಎಳೆದ ಗೆರೆಯು ಆರೋಗ್ಯದ ಗೆರೆಯಾಗಿರಲಿಲ್ಲ. ಹುನಗುಂದ, ಬಾದಾಮಿ ಭಾಗಗಳ ಅಬಕಾರಿ ಕಡತಗಳನ್ನು ಈ ದೃಷ್ಟಿಯಿಂದ ಓದಿದಾಗ ಮಾತ್ರ ಅಲ್ಲಿನ ಅಂಕಿಗಳ ಹಿಂದಿರುವ ಮನುಷ್ಯರು ಕಾಣಸಿಗುತ್ತಾರೆ.