ಕಾಲಿನ ರಕ್ತಸಂಚಾರ: ಮೂಲ ಅರಿತು ಆರೈಕೆ ಮಾಡಿ

ದಿನವಿಡೀ ನಿಂತು ಪಾಠ ಹೇಳುವ ಶಿಕ್ಷಕರು, ಸಂಚಾರ ಪೊಲೀಸರು, ಬಸ್ ನಿರ್ವಾಹಕರು, ಕಂಪ್ಯೂಟರ್ ಮುಂದೆ ಗಂಟೆಗಟ್ಟಲೆ ಕುಳಿತಿರುವ ಉದ್ಯೋಗಿಗಳು- ಹೀಗೆ ಅನೇಕರನ್ನು ಕಾಡುವ ಸಮಸ್ಯೆ ಕಾಲುನೋವು. 'ರಕ್ತ ಸರಿಯಾಗಿ ಓಡುತ್ತಿಲ್ಲ' ಎಂದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳುವುದು, ಬಿಸಿನೀರಿನ ಶಾಖ ಕೊಡುವುದು, ಬಿಗಿಯಾದ ಕಾಲುಚೀಲ ಧರಿಸುವುದು ರೂಢಿ. ಆದರೆ ತೊಡಕಿರುವುದು ರಕ್ತ ಕಾಲಿಗೆ ಇಳಿಯುವಲ್ಲೋ, ಮೇಲೇರುವಲ್ಲೋ ಎಂಬುದನ್ನು ಅರಿಯದೆ ಮಾಡುವ ಆರೈಕೆ ಅಪಾಯಕ್ಕೂ ದಾರಿಯಾದೀತು.

ರಕ್ತ ಮೇಲೇರದಿದ್ದರೆ

ಅಶುದ್ಧ ರಕ್ತವನ್ನು ಹೃದಯಕ್ಕೆ ಮರಳಿಸುವುದು ಅಭಿಧಮನಿಗಳ ಕೆಲಸ. ಪ್ರತಿ ಹೆಜ್ಜೆಗೂ ಮೀನಖಂಡದ ಸ್ನಾಯುಗಳು ಸಂಕುಚಿಸಿ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಅಭಿಧಮನಿಗಳ ಒಳಗಿನ ಕವಾಟಗಳು ಅದು ಕೆಳಗಿಳಿಯದಂತೆ ತಡೆಯುತ್ತವೆ. ಮೀನಖಂಡವನ್ನು 'ಎರಡನೆಯ ಹೃದಯ' ಎನ್ನುವುದು ಇದೇ ಕಾರಣಕ್ಕೆ. ಕವಾಟಗಳು ದುರ್ಬಲಗೊಂಡರೆ ನರಗಳು ಉಬ್ಬಿ ಸುರುಳಿಯಾಗುತ್ತವೆ, ಸಂಜೆಯ ವೇಳೆಗೆ ಪಾದ ಊದಿ ಭಾರವೆನಿಸುತ್ತದೆ.

ಇಂಥವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಕುಳಿತಲ್ಲಿಯೇ ಹಿಮ್ಮಡಿಯನ್ನು ಎತ್ತಿ ಇಳಿಸುವುದು, ಮಲಗಿದಾಗ ಕಾಲನ್ನು ಹೃದಯದ ಮಟ್ಟಕ್ಕಿಂತ ಎತ್ತರದಲ್ಲಿ ಇಡುವುದು, ತೂಕ ಇಳಿಸುವುದು ಪ್ರಯೋಜನಕಾರಿ. ಒತ್ತಡದ ಕಾಲುಚೀಲವನ್ನು ವೈದ್ಯರ ಸಲಹೆಯಂತೆ ಧರಿಸಬಹುದು.

ರಕ್ತ ಇಳಿಯದಿದ್ದರೆ

ಅಪಧಮನಿಗಳಲ್ಲಿ ಕೊಬ್ಬು ಕಟ್ಟಿದಾಗಿನ ಲಕ್ಷಣವೇ ಬೇರೆ. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಕೆಲವೇ ನಿಮಿಷಗಳಲ್ಲಿ ನೋವು ಮಾಯವಾಗುತ್ತದೆ. ಪಾದ ತಣ್ಣಗಿರುತ್ತದೆ, ಗಾಯ ಬೇಗ ಮಾಯುವುದಿಲ್ಲ. ಧೂಮಪಾನ, ಮಧುಮೇಹ, ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್ ಇದರ ಮುಖ್ಯ ಕಾರಣಗಳು. ಬೀಡಿ, ಸಿಗರೇಟು ಸೇದುವ ಯುವಕರಲ್ಲಿ ಬರ್ಜರ್ ಕಾಯಿಲೆ ಎಂಬ ಇನ್ನೊಂದು ತೊಂದರೆ ರಕ್ತನಾಳಗಳನ್ನು ಮುಚ್ಚಿ ಬೆರಳುಗಳನ್ನೇ ಬಲಿ ಪಡೆಯಬಲ್ಲದು. ತಂಬಾಕನ್ನು ಸಂಪೂರ್ಣ ತ್ಯಜಿಸುವುದೇ ಇದಕ್ಕೆ ಪ್ರಧಾನ ಚಿಕಿತ್ಸೆ.

ಅಪಧಮನಿಯ ತೊಂದರೆ ತೀವ್ರವಾಗಿದ್ದರೆ ಬಿಗಿಯಾದ ಕಾಲುಚೀಲ ಇರುವ ಅಲ್ಪ ರಕ್ತವನ್ನೂ ತಡೆಯುತ್ತದೆ. ಕಾಲನ್ನು ಎತ್ತರದಲ್ಲಿ ಇಟ್ಟರೆ ನೋವು ಹೆಚ್ಚುತ್ತದೆ. ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳು ಬಿಸಿನೀರಿನಿಂದ ಅರಿವಿಲ್ಲದೆಯೇ ಪಾದ ಸುಟ್ಟುಕೊಳ್ಳುವುದುಂಟು.

ಕಣಕಾಲು ಮತ್ತು ತೋಳಿನ ರಕ್ತದೊತ್ತಡವನ್ನು ಹೋಲಿಸುವ ಸರಳ ಪರೀಕ್ಷೆ ಈ ದೋಷವನ್ನು ಪತ್ತೆ ಹಚ್ಚಲು ನೆರವಾಗುತ್ತದೆ. ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ಅಪಧಮನಿ ಕಿರಿದಾಗಿದೆ ಎಂದರ್ಥ. ನಡಿಗೆಯೇ ಇಲ್ಲಿ ಉತ್ತಮ ವ್ಯಾಯಾಮ. ವೈದ್ಯರ ಸಲಹೆ ಪಡೆದು, ನೋವು ಬರುವವರೆಗೆ ನಡೆದು, ಕೊಂಚ ವಿಶ್ರಮಿಸಿ ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನದಂತೆ 12 ವಾರ ಅಭ್ಯಾಸ ಮಾಡಿದರೆ ನೋವಿಲ್ಲದೆ ನಡೆಯಬಲ್ಲ ದೂರ ಹೆಚ್ಚುತ್ತದೆ.

ತಡಮಾಡಬೇಡಿ

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ. ಆಗ ಕಾಲನ್ನು ತಿಕ್ಕುವುದು ಸಲ್ಲದು. ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರ. ಕಾಲು ಹಠಾತ್ತನೆ ತಣ್ಣಗಾಗಿ ಬಿಳಿಚಿಕೊಂಡರೂ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಎಣ್ಣೆಯ ಬಟ್ಟಲಿಗೆ ಕೈಹಾಕುವ ಮುನ್ನ ಕಾಲನ್ನೊಮ್ಮೆ ವೈದ್ಯರಿಗೆ ತೋರಿಸುವುದು ಲೇಸು.