ತೊಳೆದರೂ ಹೋಗದ ಮೈಲಿಗೆ



ನಮ್ಮವ್ವ ಖಾನಾಪುರ ತಾಲೂಕಿನ ಹಳ್ಳಿಯಾಕಿ. ಮುಟ್ಟಾದಾಗ ಮೂರು ದಿನ ಬೇರೆ ಚಾಪಿ, ಬೇರೆ ತಾಟು. ನಾಲ್ಕನೇ ದಿನ ತಲಿಗೆ ನೀರು ಹಾಕ್ಕೊಂಡ್ರ ಮುಗೀತು, ಮತ್ತ ಒಲಿ ಮುಂದ ಕೂಡತಿದ್ಲು. ಆದ್ರ ಅದೇ ಅವ್ವ ಎಷ್ಟು ಮಿಂದು ಹೋದ್ರೂ ಊರ ಬಾವಿಯಾಗ ಕೊಡ ಮುಳುಗಿಸೋ ಹಂಗಿರಲಿಲ್ಲ. ಯಾರಾದ್ರೂ ಮ್ಯಾಲಿಂದ ನೀರು ಹಾಕೋತನಕ ಕಾಯಬೇಕಿತ್ತು. ಸಣ್ಣವನಿದ್ದಾಗ ಕೇಳಿದ್ದೆ: "ಯವ್ವಾ, ಆ ಮೈಲಿಗಿ ನೀರಿಗೆ ಹೋಗ್ತದ, ಈ ಮೈಲಿಗಿ ಯಾಕ ಹೋಗೂದಿಲ್ಲ?" ಆಕಿ ಸುಮ್ಮನಾದ್ಲು.

ಯಹೂದಿಗಳ 'ನಿದ್ದಾ' ನಿಯಮ ಓದುವಾಗ ಆ ಪ್ರಶ್ನೆ ಮತ್ತೆ ಎದ್ದು ಬಂತು. ಬೈಬಲ್ಲಿನ ಯಾಜಕಕಾಂಡದ 15ನೇ ಅಧ್ಯಾಯ ಮುಟ್ಟಾದವಳಿಗೆ ಏಳು ದಿನದ ಮೈಲಿಗೆ ಹೇಳುತ್ತದೆ. ನಂತರದ ಧರ್ಮಗುರುಗಳು ಅದನ್ನು ಬಿಗಿ ಮಾಡಿದರು: ಸ್ರಾವ ನಿಂತ ಮೇಲೆ ಏಳು ಶುದ್ಧ ದಿನ ಎಣಿಸಬೇಕು, ಅಲ್ಲಿತನಕ ಗಂಡ ಹೆಂಡತಿ ಮುಟ್ಟುವಂತಿಲ್ಲ. ಆಮೇಲೆ 'ಮಿಕ್ವೆ' ಎಂಬ ಕೊಳದಲ್ಲಿ ಒಂದು ಕೂದಲೂ ಹೊರಗುಳಿಯದಂತೆ ಮುಳುಗಬೇಕು. ಅದಕ್ಕೆ ತಾನಾಗಿ ಕೂಡಿದ ಮಳೆನೀರೋ ಊಟೆಯ ನೀರೋ ಆಧಾರವಾಗಿರಬೇಕು. ಸಂಪ್ರದಾಯಸ್ಥರಲ್ಲಿ ಇದು ಇಂದಿಗೂ ನಡೆದಿದೆ. ಅದೇ ಅಧ್ಯಾಯದಲ್ಲಿ ವೀರ್ಯ ಹೋದ ಗಂಡಸಿಗೂ ಸಂಜೆತನಕ ಮೈಲಿಗೆ, ಸ್ನಾನ ಇದೆ.

ನಾನು ಇದನ್ನ ಹೊಗಳ್ತಿಲ್ಲ. ಹೆಣ್ಣಿನ ಮೈಮೇಲೆ ಧರ್ಮದ ಕಾವಲು ಅಲ್ಲೂ ಐತಿ. ಆದರೆ ಆ ಮೈಲಿಗೆಗೆ ಒಂದು ಕೊನೆ ಇದೆ.

ಬಾಬಾಸಾಹೇಬರು 1948ರ ತಮ್ಮ ಅಸ್ಪೃಶ್ಯರ ಕುರಿತ ಪುಸ್ತಕದಲ್ಲಿ ಹಿಡಿದದ್ದು ಇದೇ ಎಳೆಯನ್ನು. ಹುಟ್ಟು, ಸಾವು, ಮುಟ್ಟಿನ ಮೈಲಿಗೆ ಎಷ್ಟೋ ಜನಾಂಗಗಳಲ್ಲಿತ್ತು. ಅದು ತಾತ್ಕಾಲಿಕ, ವ್ಯಕ್ತಿಗೆ ಮಾತ್ರ, ಕಳೆದುಕೊಳ್ಳಲು ದಾರಿ ಇತ್ತು. ನಮ್ಮ ಮೇಲೆ ಹೇರಿದ್ದು ಹುಟ್ಟಿನಿಂದ ಬರುವಂಥದ್ದು, ಎಂದೂ ಕಳೆಯದಂಥದ್ದು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದಾಗ ಏನಾಯ್ತು? ಸವರ್ಣರು ಪಂಚಗವ್ಯ ಸುರಿದು ಕೆರೆಯನ್ನೇ 'ಶುದ್ಧ' ಮಾಡಿದರು. ಲೋಕದಲ್ಲೆಲ್ಲ ನೀರು ಮನುಷ್ಯರನ್ನ ತೊಳೀತದ, ಇಲ್ಲಿ ನಮ್ಮಿಂದಾಗಿ ನೀರನ್ನೇ ತೊಳೆದ್ರು!

ಎಂಟುನೂರು ವರ್ಷಗಳ ಹಿಂದೆಯೇ ಶರಣರು ಈ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ ತಳ್ಳಿಹಾಕಿದ್ದರು. ಜನನ, ಮರಣ, ರಜ, ಎಂಜಲು, ಜಾತಿ: ಈ ಪಂಚಸೂತಕ ಲಿಂಗವಂತರಿಗಿಲ್ಲ ಎಂದರು. ತೊಗಲು ಹದ ಮಾಡುವ ಡೋಹರ ಕಕ್ಕಯ್ಯ ಅವರೊಳಗೊಬ್ಬ. ಕಲ್ಯಾಣದಿಂದ ಉಳವಿಗೆ ಹೊರಟ ಶರಣರನ್ನು ಕಾಯುತ್ತ ಆತ ಮಡಿದ ಎನ್ನುವ ಕಕ್ಕೇರಿ ನಮ್ಮ ಖಾನಾಪುರ ತಾಲೂಕಿನಲ್ಲೇ ಇದೆ, ಸಮಾಧಿಯೂ ಅಲ್ಲೇ.

ಬೆಳಗಾವಿ ಶಹರದಾಗ ಬಾಡಿಗಿ ಮನಿ ಕೇಳಾಕ ಹೋದಾಗ ನನಗ "ನೀವು ಯಾವ ಮಂದಿ?" ಅಂದ್ರು. ಹೇಳಿದ್ಮ್ಯಾಲ ಮನಿ ಖಾಲಿ ಇರಲಿಲ್ಲ. ಸಿಟ್ಟು ಬಂತು. ಆದ್ರ ಅವತ್ತು ರಾತ್ರಿ ಊರಿಗೆ ಹೋದ್ರ ತಂಗಿ ಬೇರೆ ತಾಟಿನಾಗ ಉಣ್ಣಾಕತ್ತಿದ್ಲು. ಗೋಡಿ ಮ್ಯಾಲ ಬಾಬಾಸಾಹೇಬರ ಫೋಟೋ.

ಮುಟ್ಟಾದವರನ್ನು ಒತ್ತಾಯದಿಂದ ಹೊರಗಿಡುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆಯಡಿ ಅಪರಾಧ. ಆದ್ರ ನಮ್ಮ ಅಡಿಗಿಮನಿಗೆ ಪೊಲೀಸರು ಬರೂದಿಲ್ಲ, ನಾವೇ ಹೋಗಬೇಕು. ಜಾತಿಸೂತಕ ಬ್ಯಾಡ ಅನ್ನೋ ನಾವು ರಜಸೂತಕ ಉಳಿಸಿಕೊಂಡ್ರ, ಕಕ್ಕಯ್ಯನ ಮುಂದ ನಿಂತು ಏನಂತ ಹೇಳೂದು?

ಆ ಬೇರೆ ತಾಟನ್ನ ಇವತ್ತ ಉಳಿದ ತಾಟಿನ ಜೋಡಿ ಇಡ್ರಿ.

ಜೈಭೀಮ್. ಶರಣು.