ವೃತ್ತಿ ನಾಟಕ ಕಂಪನಿಗಳಿಗೆ ಆಸರೆ ಯಾರು? ಬೆಳಗಾವಿ, ಖಾನಾಪುರ ಭಾಗದವರು ತಿಳಿದಿರಬೇಕಾದ ಮಾಹಿತಿ

ಬೆಳಗಾವಿ: ಜಾತ್ರೆ ಹತ್ತಿರ ಬಂತೆಂದರೆ ಊರ ಹೊರಗಿನ ಬಯಲಿನಲ್ಲಿ ತಗಡಿನ ಥಿಯೇಟರ್ ಏಳುತ್ತದೆ. ಟಂಟಂ ಗಾಡಿಗೆ ಮೈಕ್ ಕಟ್ಟಿಕೊಂಡು ಓಣಿ ಓಣಿ ತಿರುಗುತ್ತಾರೆ. ಕಂಪನಿ ಬಂತು ಅಂದ್ರೆ ಚಹಾದಂಗಡಿ, ಚುರಮುರಿ–ಮಿರ್ಚಿ ಗಾಡಿ, ಪಾನ್‌ಶಾಪ್ ಎಲ್ಲರಿಗೂ ರಾತ್ರಿ ವ್ಯಾಪಾರ. ಕಂಪನಿಯ ಅಡುಗೆಮನೆಗೆ ಅಕ್ಕಿ, ಎಣ್ಣೆ ಹೋಗುವುದು ಬಹುತೇಕ ಉದ್ರಿ ಮೇಲೆಯೇ. ನಾಟಕಕ್ಕೆ ಕಲೆಕ್ಷನ್ ಆದರೆ ಉದ್ರಿ ತೀರುತ್ತದೆ, ಆಗದಿದ್ದರೆ ಮುಂದಿನ ಕ್ಯಾಂಪಿಗೆ ಸಾಮಾನು ಸಾಗಿಸುವ ಲಾರಿ ಬಾಡಿಗೆಗೂ ತತ್ವಾರ. ಅಂಥ ಹೊತ್ತಿನಲ್ಲಿ ಕಂಪನಿಯ ಬೆನ್ನಿಗೆ ನಿಲ್ಲುವವರು ಯಾರು ಎಂಬುದು ನಾಟಕದವರಷ್ಟೇ ಅಲ್ಲ, ಅಂಗಡಿಕಾರರೂ ಕೇಳುವ ಪ್ರಶ್ನೆ.

ಈ ಭಾಗದ ಎಲ್ಲ ಕಂಪನಿಗಳನ್ನು ಒಂದೇ ಚಾವಣಿಯಡಿ ತಂದು ಕಾಯುವ ವ್ಯವಸ್ಥೆ ಕನ್ನಡದಲ್ಲಿ ಬೆಳೆದಿಲ್ಲ. ಇರುವುದು ಸರಕಾರದ ಕೆಲವು ಸಂಸ್ಥೆಗಳು, ಮಠ, ಜಾತ್ರಾ ಕಮಿಟಿ ಮತ್ತು ಊರವರು.

ಮರಾಠಿಯಲ್ಲಿ ಹಾಗಿಲ್ಲ. 1905ರಲ್ಲಿ ಶುರುವಾದ ಅಖಿಲ ಭಾರತೀಯ ಮರಾಠಿ ನಾಟ್ಯ ಪರಿಷತ್ತಿಗೆ ಊರೂರಿನಲ್ಲಿ ಶಾಖೆಗಳಿವೆ, ಬೆಳಗಾವಿಯಲ್ಲೂ ಇದೆ. ನಟರು, ನಿರ್ಮಾಪಕರು, ತಂತ್ರಜ್ಞರು ಇದರ ಸದಸ್ಯರು. ಪರಿಷತ್ತಿನ 95ನೇ ನಾಟ್ಯ ಸಮ್ಮೇಳನ 2015ರ ಫೆಬ್ರುವರಿಯಲ್ಲಿ ಬೆಳಗಾವಿಯಲ್ಲೇ ನಡೆದಿತ್ತು. ಹಿರಿಯ ಗಾಯಕ ನಟಿ ಫೈಯಾಜ್ ಅಧ್ಯಕ್ಷರಾಗಿದ್ದರು.

ಎರಡೂ ಭಾಷೆಯ ರಂಗಭೂಮಿ ಈ ನೆಲದಲ್ಲಿ ಕೊಡು–ಕೊಳ್ಳು ಮಾಡಿಯೇ ಬೆಳೆದದ್ದು. ಉತ್ತರ ಕನ್ನಡದ ಭಾಗವತ ಮೇಳದವರು ಸಾಂಗ್ಲಿಗೆ ಹೋಗಿ ಆಡಿದ್ದನ್ನು ನೋಡಿ ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವನ್ನು ಗುರುತಿಸುವುದು ಅಲ್ಲಿಂದ. ಅದೇ ವರ್ಷ ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ 1880ರಲ್ಲಿ ಪುಣೆಯಲ್ಲಿ 'ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದರು. ಮರಾಠಿ ನಾಟಕಗಳೇ ಎಲ್ಲೆಡೆ ನಡೆಯುತ್ತಿದ್ದ ಕಾಲದಲ್ಲಿ, 1870ರ ದಶಕದಲ್ಲಿ, ಗದುಗಿನಲ್ಲಿ ಕನ್ನಡ ಮಂಡಳಿ ಕಟ್ಟಿದವರು ಶಾಂತಕವಿ ಎಂದೇ ಹೆಸರಾದ ಸಕ್ಕರಿ ಬಾಳಾಚಾರ್ಯರು.

ಕನ್ನಡ ವೃತ್ತಿ ರಂಗಭೂಮಿಯ ಮಾತು ಬಂದರೆ ಜಿಲ್ಲೆಯವರು ಮೊದಲು ಹೇಳುವ ಹೆಸರು ಏಣಗಿ ಬಾಳಪ್ಪ. 1914ರಲ್ಲಿ ಏಣಗಿಯಲ್ಲಿ ಹುಟ್ಟಿ, ಹುಡುಗನಿದ್ದಾಗಲೇ ಬಣ್ಣ ಹಚ್ಚಿ, ಮೊದಮೊದಲು ಸ್ತ್ರೀ ಪಾತ್ರ ಮಾಡಿ, ಆಮೇಲೆ ಕಲಾವೈಭವ ನಾಟ್ಯ ಸಂಘ ಕಟ್ಟಿದರು. 'ಜಗಜ್ಯೋತಿ ಬಸವೇಶ್ವರ' ನಾಟಕದ ಬಸವಣ್ಣನ ಪಾತ್ರ ಅವರಿಗೆ ಎಷ್ಟು ಒಪ್ಪಿತ್ತೆಂದರೆ, ಆ ವೇಷದಲ್ಲಿ ಕಂಡಾಗ ಜನ ಕೈ ಮುಗಿಯುತ್ತಿದ್ದರು. 2017ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರ ವಯಸ್ಸು 103 ಆಗಿತ್ತು.

ಲಾಭಕ್ಕಲ್ಲದೆ ಕಂಪನಿ ನಡೆಸಿದ ದೊಡ್ಡ ಉದಾಹರಣೆ ಗದುಗಿನದು. ಪಂಡಿತ ಪಂಚಾಕ್ಷರ ಗವಾಯಿಗಳು ಅಂಧ, ಅನಾಥ ಮಕ್ಕಳ ಊಟ, ಸಂಗೀತ ಪಾಠದ ಖರ್ಚಿಗೆಂದೇ ನಾಟಕ ಕಂಪನಿ ಹೊರಡಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಅದನ್ನು ಮುಂದುವರಿಸಿದರು. ತಾವೇ ನಾಟಕ ಬರೆದರು, ಸಂಗೀತ ಕೂಡಿಸಿದರು. ಟಿಕೆಟ್ ದುಡ್ಡು ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗುತ್ತಿತ್ತು. ಇಲ್ಲಿ ಲೆಕ್ಕವೇ ಉಲ್ಟಾ. ಸಾಮಾನ್ಯವಾಗಿ ದಾನಿಗಳು ನಾಟಕವನ್ನು ಸಾಕಬೇಕು, ಅಲ್ಲಿ ನಾಟಕವೇ ಆಶ್ರಮವನ್ನು ಸಾಕಿತು.

ಈಗಿನ ಸರಕಾರಿ ಏರ್ಪಾಡಿಗೆ ಬಂದರೆ, ಬೆಳಗಾವಿಗೆ ಹತ್ತಿರದ್ದು ಧಾರವಾಡ ರಂಗಾಯಣ. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರು ಆರಂಭಿಸಿದ ರಂಗಾಯಣದ ಮಾದರಿಯಲ್ಲೇ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ಘಟಕಗಳಾದವು. ವೃತ್ತಿ ರಂಗಭೂಮಿಗೆಂದೇ ದಾವಣಗೆರೆಯಲ್ಲಿ ಪ್ರತ್ಯೇಕ ರಂಗಾಯಣವಿದೆ. ರಂಗಾಯಣದ ಕಲಾವಿದರಿಗೆ ತಿಂಗಳ ವೇತನ ಇರುತ್ತದೆ. ಕ್ಯಾಂಪ್ ಕಂಪನಿಯ ನಟರಿಗೆ ಆ ಭಾಗ್ಯವಿಲ್ಲ. ಆದರೂ ಕಂಪನಿ ನಾಟಕದ 'ಕಲಿಯುಗದ ಕುಡುಕ' ಎಂದೇ ಮನೆಮಾತಾಗಿದ್ದ ರಾಜು ತಾಳಿಕೋಟಿ ಅವರನ್ನು 2024ರಲ್ಲಿ ಧಾರವಾಡ ರಂಗಾಯಣದ ನಿರ್ದೇಶಕರನ್ನಾಗಿ ಮಾಡಿದಾಗ, ಟೆಂಟಿನವರಿಗೂ ಒಂದು ಕುರ್ಚಿ ಸಿಕ್ಕಂತಾಗಿತ್ತು. 2025ರ ಅಕ್ಟೋಬರ್‌ನಲ್ಲಿ ಅವರು ಹುದ್ದೆಯಲ್ಲಿರುವಾಗಲೇ ನಿಧನರಾದರು.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಲಾ ಸಂಘಗಳಿಗೆ ಧನಸಹಾಯ ಕೊಡುತ್ತದೆ. 58 ವರ್ಷ ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನವಿದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನದಲ್ಲಿ ಒಬ್ಬ ಗುರು ಮತ್ತು ಗರಿಷ್ಠ 18 ಶಿಷ್ಯರಿಗೆ ತಿಂಗಳಿಗಿಷ್ಟು ಎಂದು ಹಣ ಬರುತ್ತದೆ.

ತೊಡಕು ಇರುವುದು ಇಲ್ಲಿಯೇ. ಇಂಥ ಅನುದಾನಗಳಿಗೆ ಸಂಘದ ನೋಂದಣಿ ಬೇಕು, ಆಡಿಟ್ ಆದ ಲೆಕ್ಕ ಬೇಕು, ಹಿಂದಿನ ಪ್ರದರ್ಶನಗಳ ದಾಖಲೆ ಬೇಕು. ನಗರದ ಹವ್ಯಾಸಿ ತಂಡಗಳು ಇದನ್ನೆಲ್ಲ ಸರಿಯಾಗಿ ಇಟ್ಟುಕೊಂಡಿರುತ್ತವೆ. ಕ್ಯಾಂಪ್ ಕಂಪನಿ ಎಂದರೆ ಸಾಮಾನ್ಯವಾಗಿ ಒಬ್ಬ ಮಾಲಕ, ಒಂದು ಟ್ರಂಕು, ಒಂದು ಚೋಪಡಿ. ಇಂದು ಈ ಊರು, ಎರಡು ತಿಂಗಳಿಗೆ ಮತ್ತೊಂದು. ಹಣ ಯಾರಿಗೆ ಜರೂರೋ ಅವರ ಹತ್ತಿರ ಕಾಗದ ಇರುವುದಿಲ್ಲ. ಕೋವಿಡ್ ಕಾಲದಲ್ಲಿ ಜಾತ್ರೆಗಳು ನಿಂತಾಗ ಇದರ ಪೆಟ್ಟು ಎಲ್ಲರಿಗೂ ಕಂಡಿತು. ಬಾದಾಮಿ ಬನಶಂಕರಿ ಜಾತ್ರೆಯಂತಹ ಒಂದು ಸೀಜನ್ ತಪ್ಪಿದರೆ ಕಂಪನಿಗೆ ವರ್ಷದ ದುಡಿಮೆಯೇ ಹೋದಂತೆ. ಒಂದೇ ಕಡೆ ಹಲವು ಕಂಪನಿಗಳು ಠಿಕಾಣಿ ಹೂಡಿ, ರಾತ್ರಿಯಿಡೀ ಒಂದರ ಮೇಲೊಂದು ಪ್ರಯೋಗ ನಡೆಸುವ ಜಾತ್ರೆ ಅದು.

ಖಾನಾಪುರ ತಾಲೂಕಿನ ಚಿತ್ರ ಬೇರೆ. ಪಶ್ಚಿಮದ ಕಾಡಂಚಿನಲ್ಲಿ ಮಳೆ ಜಾಸ್ತಿ, ಊರುಗಳು ಸಣ್ಣವು. ಮಳೆಗಾಲದಲ್ಲಿ ಅಲ್ಲಿ ಥಿಯೇಟರ್ ಹಾಕುವ ಮಾತೇ ಇಲ್ಲ. ಆ ಕಡೆ ಮರಾಠಿ ನಾಟಕ ಹೆಚ್ಚು. ಪೂರ್ವಕ್ಕೆ ಇಟಗಿ, ಬೀಡಿ, ಕಕ್ಕೇರಿ ಕಡೆ ಕನ್ನಡ. ಇಂಥ ಊರುಗಳಲ್ಲಿ ಕಂಪನಿ ಬರದಿದ್ದರೂ ವೃತ್ತಿ ಕಲಾವಿದರಿಗೆ ಕೆಲಸ ಸಿಗುವ ದಾರಿಯೊಂದಿದೆ. ಊರ ಹುಡುಗರೇ ನಾಟಕ ಕಲಿತು, ಸ್ತ್ರೀ ಪಾತ್ರಕ್ಕೆ ಕಂಪನಿ ಅನುಭವದ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ಸೀನು, ಲೈಟು, ಪೇಟಿ–ತಬಲಾದವರು ಬಾಡಿಗೆಗೆ ಬರುತ್ತಾರೆ. ಪಟ್ಟಿ ಎತ್ತುವುದು ಊರವರಿಂದ, ಅಂಗಡಿಕಾರರಿಂದ. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವುದರಿಂದ ರಾಯಣ್ಣನ ನಾಟಕ ಎಂದರೆ ಈ ಸೀಮೆಯಲ್ಲಿ ಪಟ್ಟಿ ಕೊಡುವ ಕೈ ಸ್ವಲ್ಪ ಧಾರಾಳವೇ. ಯಾವ ಅನುದಾನದ ಯಾದಿಯಲ್ಲೂ ಈ ಪಟ್ಟಿಯ ಹಣ ಕಾಣುವುದಿಲ್ಲ. ಆದರೂ ಹಳ್ಳಿಯಲ್ಲಿ ಕಲಾವಿದೆಯ ಕೈಗೆ ಆ ರಾತ್ರಿಯೇ ಸೇರುವ ನಗದು ಅದೊಂದೇ.

ಕಂಪನಿ ಕರೆಸುವ ಕಮಿಟಿಯವರು, ಪಟ್ಟಿ ಕೊಡುವ ವ್ಯಾಪಾರಿಗಳು ಕೆಲವು ವಿಷಯ ಗಮನಿಸಬೇಕು. ಬಯಲು ಜಾಗಕ್ಕೆ ಪಂಚಾಯಿತಿ ಅಥವಾ ಪಾಲಿಕೆಯ ಪರವಾನಗಿ, ಪೊಲೀಸ್ ಠಾಣೆಯ ಅನುಮತಿ, ಹೆಸ್ಕಾಂನಿಂದ ತಾತ್ಪೂರ್ತಿಕ ಕರೆಂಟ್ ಮೊದಲೇ ಆಗಿರಬೇಕು. ತಗಡಿನ ಥಿಯೇಟರ್‌ಗೆ ಎರಡು ಕಡೆ ದಾರಿ ಬಿಟ್ಟಿದ್ದಾರೋ ಇಲ್ಲವೋ ನೋಡಿಕೊಳ್ಳಬೇಕು. ನಾಟಕದ ಟಿಕೆಟ್ ತಲಾ 500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಇಲ್ಲ. ಕ್ಯಾಂಪ್ ಕಂಪನಿಯ ಟಿಕೆಟ್ ಆ ಮಟ್ಟಕ್ಕೆ ಮುಟ್ಟುವುದೇ ಇಲ್ಲ, ಹಾಗಾಗಿ ತೆರಿಗೆಯ ನೆಪ ಹೇಳಿ ಹೆಚ್ಚಿಗೆ ಕೇಳಿದರೆ ಕೊಡಬೇಕಿಲ್ಲ. ಪಟ್ಟಿ ಕೊಟ್ಟಾಗ ಪಾವತಿ ಕೇಳುವುದು ತಪ್ಪಲ್ಲ. ಆದಾಯ ತೆರಿಗೆಯಲ್ಲಿ 80ಜಿ ವಿನಾಯಿತಿ ಬೇಕೆನ್ನುವವರು, ಹಣ ಪಡೆಯುವ ಸಂಸ್ಥೆಗೆ ಆ ನೋಂದಣಿ ಇದೆಯೇ ಎಂದು ಮೊದಲು ಕೇಳಬೇಕು. ಬರೀ ಸಂಘದ ರಬ್ಬರ್ ಸ್ಟಾಂಪ್ ಇದ್ದರೆ ಸಾಲದು.

ವಯಸ್ಸಾದ ಕಲಾವಿದರು ಓಣಿಯಲ್ಲಿದ್ದರೆ ಅವರ ಹಳೇ ಕರಪತ್ರ, ಫೋಟೊ, ಪ್ರಶಸ್ತಿಪತ್ರಗಳನ್ನು ರದ್ದಿಗೆ ಹಾಕದಂತೆ ಮನೆಯವರಿಗೆ ಹೇಳಬೇಕು. ಮಾಸಾಶನದ ಅರ್ಜಿಗೆ ಅವೇ ಪುರಾವೆ. ಅರ್ಜಿ ಸೇವಾ ಸಿಂಧುನಲ್ಲಿ ಹಾಕಬಹುದು. ವಿಚಾರಣೆಗೆ ಬೆಳಗಾವಿಯಲ್ಲಿರುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಬೇಕು.